ಸಣ್ಣ ಅಡಿಗಿಮನ್ಯಾಗ ಸಾಮಾನಿನ ಕಪಾಟು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಸಣ್ಣ ಮನೆಗಳಲ್ಲಿ ಜೋಳದ ಚೀಲ, ತಿಂಗಳ ಕಿರಾಣಿ, ಉಪ್ಪಿನಕಾಯಿ ಬರಣಿ, ನೀರಿನ ಕೊಡ, ಸಿಲಿಂಡರು ಎಲ್ಲವೂ ಒಂದೇ ಅಡಿಗೆಮನೆಯಲ್ಲಿ ಹೊಂದಿಕೊಂಡಿರಬೇಕು. ಅಂಥಲ್ಲಿ ಬಡಿಗೇರರ ಕೈ ಕಾಯದೆ ತಾವೇ ಒಂದು ಪ್ಯಾಂಟ್ರಿ, ಅಂದರೆ ಸಾಮಾನಿನ ಕಪಾಟು, ಮಾಡಿಕೊಳ್ಳಬೇಕು ಎನ್ನುವವರು ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳು ಕೇಳುವವರ ಮಾತಿನಲ್ಲೇ ಇವೆ.

ನಮ್ಮ ಅಡಿಗಿಮನಿ ಆರು ಬೈ ಎಂಟು. ಅದರಾಗ ಪ್ಯಾಂಟ್ರಿ ಕೂಡ್ತದೇನ್ರಿ?

ಕೂಡುತ್ತದೆ. ಪ್ಯಾಂಟ್ರಿ ಅಂದಕೂಡಲೇ ಒಂದು ಕೋಣೆಯನ್ನೇ ಕಣ್ಣ ಮುಂದೆ ತಂದುಕೊಳ್ಳಬೇಡಿ. ಒಂದಡಿ ಆಳ, ಎರಡೂವರೆ ಅಡಿ ಅಗಲ, ಆರಡಿ ಎತ್ತರದ ಒಂದು ಕಪಾಟು ನಾಲ್ಕೈದು ಜನರ ಮನೆಯ ತಿಂಗಳ ಸಾಮಾನನ್ನು ಆರಾಮಾಗಿ ಹಿಡಿಯುತ್ತದೆ. ಜಾಗ ಹುಡುಕುವುದಾದರೆ ಕಟ್ಟೆ ಮುಗಿಯುವ ಮೂಲೆ, ಫ್ರಿಜ್ಜಿನ ಪಕ್ಕದ ಸಂದಿ, ಬಾಗಿಲು ತೆರೆದರೆ ಅದರ ಹಿಂದೆ ಮರೆಯಾಗುವ ಗೋಡೆ, ಈ ಮೂರನ್ನು ಮೊದಲು ನೋಡಿ. ಬಾಗಿಲ ಹಿಂದೆ ಐದಾರು ಇಂಚು ಸಿಕ್ಕರೂ ಸಾಕು, ಚಟ್ನಿಪುಡಿ, ಬೇಳೆಯ ಸಣ್ಣ ಡಬ್ಬಿಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಕಪಾಟು ಬಂದಮೇಲೂ ನಡೆದಾಡಲು 30 ಇಂಚಾದರೂ ಉಳಿಯಬೇಕು. ಇಬ್ಬರು ಒಟ್ಟಿಗೆ ಅಡಿಗೆ ಮಾಡುವ ಮನೆಯಾದರೆ 36. ಟೇಪಿನಲ್ಲಿ ಸರಿ ಕಂಡದ್ದು ಮೈಗೆ ಸರಿಬರದೆ ಇರಬಹುದು. ಆದ್ದರಿಂದ ಅಷ್ಟೇ ಅಳತೆಯ ರಟ್ಟಿನ ಡಬ್ಬಗಳನ್ನು ಆ ಜಾಗದಲ್ಲಿ ಒಂದರ ಮೇಲೊಂದು ಪೇರಿಸಿ, ಒಂದೆರಡು ದಿನ ಅಡಿಗೆ ಮಾಡಿ ನೋಡಿ. ರೊಟ್ಟಿ ತಟ್ಟುವಾಗ ಮೊಳಕೈ ತಾಗಿದರೆ ಜಾಗ ಬದಲಿಸಿ.

ಮೊದಲ ಏನ್ ಅಳೀಬೇಕು? ಗೋಡಿನೋ, ಮತ್ತೇನರ?

ಸಾಮಾನು ಅಳೆಯಿರಿ. ಪೇಟೆಯಲ್ಲಿ ಸಿಗುವ ಕಪಾಟುಗಳು ನಮ್ಮ ಮನೆಗೆ ಹೊಂದದಿರುವುದು ಇಲ್ಲಿಯೇ. ಅವನ್ನು ಮಾಡುವವರು ಪೊಟ್ಟಣ ಮತ್ತು ಬಾಟಲಿಗಳನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ನಮ್ಮಲ್ಲಿರುವುದು ಹಿಟ್ಟಿನ ದೊಡ್ಡ ಡಬ್ಬಿ, ರೊಟ್ಟಿ ಬುಟ್ಟಿ, ಉಪ್ಪಿನಕಾಯಿ ಬರಣಿ, ಬೇಸಿಗೆಯಲ್ಲಿ ಮಾಡಿಟ್ಟ ಸಂಡಿಗೆ, ಹಪ್ಪಳ, ಶಾವಿಗೆ, ಕುಟ್ಟಿಸಿ ತಂದ ಖಾರ.

ಇರುವುದನ್ನೆಲ್ಲ ಹೊರಗೆ ಹಾಸಿ ನಾಲ್ಕು ಪಾಲು ಮಾಡಿ: ದಿನಾ ಬೇಕಾದದ್ದು, ವಾರಕ್ಕೊಮ್ಮೆ ತೆಗೆಯುವುದು, ಹಬ್ಬಕ್ಕಷ್ಟೇ ಕೈ ಹಾಕುವುದು, ಭಾರದ್ದು. ಪ್ರತಿ ಪಾಲಿನಲ್ಲಿ ಅತಿ ಎತ್ತರದ ಡಬ್ಬಿ ಯಾವುದು, ಅತಿ ಅಗಲದ್ದು ಯಾವುದು ಅಂತ ಬರೆದುಕೊಳ್ಳಿ. ಹಲಗೆಗಳ ನಡುವಿನ ಅಂತರ ಆ ಚೀಟಿಯಿಂದ ಬರಬೇಕು. ಈ ಕೆಲಸದಲ್ಲೇ ಮುಕ್ಕಾದ ಡಬ್ಬಿ, ಮುಚ್ಚಳ ಕಳೆದ ಪಾತ್ರೆ, ಯಾರೋ ಕೊಟ್ಟ ಪ್ಲಾಸ್ಟಿಕ್ ಸೆಟ್ಟು ಎಲ್ಲ ಹೊರಬೀಳುತ್ತವೆ. ಎಷ್ಟೋ ಮನೆಗಳಲ್ಲಿ ಇಷ್ಟು ಮುಗಿಯುವ ಹೊತ್ತಿಗೆ ಅರ್ಧ ಜಾಗ ಸಿಕ್ಕಿಬಿಟ್ಟಿರುತ್ತದೆ.

ಜ್ವಾಳದ ಚೀಲ ಎಲ್ಲಿ ಇಡೂದು?

ವರ್ಷದ ಜೋಳ ಅಡಿಗೆಮನೆಗೆ ಬರಬಾರದು, ತಿಂಗಳಿನದಷ್ಟೇ ಬರಬೇಕು. ಲೆಕ್ಕ ನೋಡಿ. ಒಂದು ಲೀಟರ್ ಅಳತೆಯಲ್ಲಿ ಸುಮಾರು ಮುಕ್ಕಾಲು ಕಿಲೋ ಜೋಳ ಹಿಡಿಯುತ್ತದೆ. ಒಂದು ಕ್ವಿಂಟಲಿಗೆ 130 ಲೀಟರಿಗೂ ಹೆಚ್ಚು ಜಾಗ ಬೇಕು. ಅಷ್ಟನ್ನು ಆರು ಬೈ ಎಂಟರಲ್ಲಿ ಇಟ್ಟರೆ ಅಡಿಗೆ ಮಾಡುವವರು ಹೊರಗೆ ನಿಲ್ಲಬೇಕಾಗುತ್ತದೆ. ಹಿಂಗಾರಿ ಜೋಳ ಸುಗ್ಗಿಯಾಗಿ ಬಂದಾಗ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆರಿಸಿ, ಬಾಯಿ ಬಿಗಿಯಾಗಿ ಮುಚ್ಚುವ ತಗಡಿನ ಪೀಪಾಯಿಯಲ್ಲಿ ತುಂಬಿ, ಮಲಗುವ ಕೋಣೆಯಲ್ಲೋ ಮೆಟ್ಟಿಲ ಕೆಳಗೋ ಇಡಿ. ಅದರಡಿ ಎರಡು ಇಟ್ಟಿಗೆ ಅಥವಾ ಮರದ ಪಟ್ಟಿ ಇರಲಿ. ನೆಲಕ್ಕೇ ತಾಗಿ ನಿಂತ ಪೀಪಾಯಿ ಮಳೆಗಾಲದಲ್ಲಿ ತಳದಿಂದ ತುಕ್ಕು ಹಿಡಿಯುತ್ತದೆ.

ಅಡಿಗೆಮನೆಯ ಕಪಾಟಿನ ತಳದ ಖಾನೆಯಲ್ಲಿ 20 ಕಿಲೋದ ಒಂದು ಡಬ್ಬಿ ಸಾಕು. 11 ಇಂಚು ವ್ಯಾಸದ ಡಬ್ಬಿಯಾದರೆ ಅಷ್ಟು ಜೋಳಕ್ಕೆ 17 ಇಂಚಿನಷ್ಟು ಎತ್ತರ ಆಗುತ್ತದೆ. ಮುಚ್ಚಳ ಸೇರಿ 18.

ಕಡಪಾ ಕಲ್ಲೋ, ಪ್ಲೈವುಡ್ಡೋ, ಕಬ್ಬಿಣದ ರ‍್ಯಾಕೋ?

ಮೂರಕ್ಕೂ ಅದರದರ ಜಾಗ ಇದೆ.

ಕಡಪಾಕ್ಕೆ ಗೆದ್ದಲಿಲ್ಲ, ನೀರಿನ ಭಯವಿಲ್ಲ, ಎಣ್ಣೆ ಚೆಲ್ಲಿದರೆ ಒರೆಸಿದರಾಯಿತು. ಆದರೆ ಭಾರ. 20 ಮಿಲಿಮೀಟರ್ ದಪ್ಪದ ಕಲ್ಲು ಚದರಡಿಗೆ ಸುಮಾರು 5 ಕಿಲೋ ತೂಗುತ್ತದೆ. ಮೂರಡಿ ಉದ್ದ, ಒಂದಡಿ ಅಗಲದ ಒಂದೇ ಹಲಗೆ 15 ಕಿಲೋ. ಅದನ್ನು ಮೊಳೆಯ ಮೇಲೋ ಕ್ಲಾಂಪಿನ ಮೇಲೋ ನಿಲ್ಲಿಸುವ ಹಾಗಿಲ್ಲ, ಗೋಡೆ ಕೊರೆದು ಕೂಡಿಸಬೇಕು, ಅದು ಗೌಂಡಿಯ ಕೆಲಸ. ನೀವೇ ಮಾಡುವುದಾದರೆ ಇಕ್ಕೆಲದಲ್ಲಿ ಇಟ್ಟಿಗೆಯ ಸಣ್ಣ ಗೋಡೆ ಕಟ್ಟಿ ಮೇಲೆ ಕಲ್ಲು ಹಾಸಬಹುದು. ಒಂದು ಹಂತಕ್ಕೆ ಇದು ಚೆನ್ನ. ಎರಡನೆಯ ಹಂತಕ್ಕೆ ಹೋಗಬೇಡಿ.

ತೂತಿನ ಆಂಗಲ್ ಹಾಕಿ ನಟ್ಟು-ಬೋಲ್ಟು ಬಿಗಿಯುವ ಕಬ್ಬಿಣದ ರ‍್ಯಾಕು ಅತಿ ಸುಲಭ. ಪಾನಾ ಹಿಡಿಯಲು ಬಂದರೆ ಸಾಕು, ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ಚಂದ ಕಾಣುವುದಿಲ್ಲ, ಕಿರಾಣಿ ಅಂಗಡಿಯ ಕಳೆ ಬರುತ್ತದೆ. ಉಪ್ಪು ಮತ್ತು ಉಪ್ಪಿನಕಾಯಿಯ ನೀರು ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ.

ಕೈಯಿಂದ ಮಾಡುವ ಖುಷಿಯೂ ಬೇಕು, ನೋಡಲೂ ಚೆನ್ನಾಗಿರಬೇಕು ಅನ್ನುವವರಿಗೆ ಪ್ಲೈವುಡ್. ಮುಂದಿನ ಲೆಕ್ಕವೆಲ್ಲ ಅದಕ್ಕೇ.

ಪ್ಲೈವುಡ್ ಅಂಗಡ್ಯಾಗ ಹತ್ತು ನಮೂನಿ ತೋರಸ್ತಾರ. ಯಾವುದು ತಗೋಬೇಕು?

ಅಂಗಡಿಯವರ ಬಾಯಿಮಾತಿಗಿಂತ ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್‌ಐ ಗುರುತಿನ ಜೊತೆ ಐಎಸ್ 303 ಅಂತಿದ್ದರೆ ಅದು ಸಾಮಾನ್ಯ ಬಳಕೆಯದು. ಅದರಲ್ಲೂ ಎಂಆರ್ ಮತ್ತು ಬಿಡಬ್ಲ್ಯೂಆರ್ ಎಂದು ಎರಡು ದರ್ಜೆ. ಎಂಆರ್ ತೇವವನ್ನು ಅಷ್ಟಿಷ್ಟು ತಡೆಯುತ್ತದೆ, ನೀರಿಗೆ ನಿಲ್ಲುವುದಿಲ್ಲ, ಅದನ್ನು ಅಡಿಗೆಮನೆಗೆ ತರಬೇಡಿ. ಬಿಡಬ್ಲ್ಯೂಆರ್ ಅಂದರೆ ಕುದಿನೀರನ್ನೂ ತಡೆಯುವಂಥದ್ದು, ಒಣ ಗೋಡೆಗೆ ನಿಲ್ಲುವ ಕಪಾಟಿಗೆ ಅದು ಸಾಕು. ಸಿಂಕಿನ ಪಕ್ಕ, ನೀರಿನ ಕೊಡ ಇಡುವಲ್ಲಿಗೆ ಐಎಸ್ 710, ಅಂದರೆ ಮರೈನ್ ಪ್ಲೈ.

ಹಾಳೆಯ ಅಂಚನ್ನು ಕಣ್ಣಿನ ಹತ್ತಿರ ತಂದು ನೋಡಿ. ಪದರಗಳ ನಡುವೆ ಕಪ್ಪು ಸಂದಿ ಕಂಡರೆ ಒಳಗೆ ಪೊಳ್ಳಿದೆ ಅಂತ ಅರ್ಥ. ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಒಂದು ಮೂಲೆ ಹಿಡಿದು ಎತ್ತಿ, ತಿರುಚಿದ ಹಾಗಿದ್ದರೆ ಬೇರೆ ಹಾಳೆ ಕೇಳಿ. ಹೊಟ್ಟು ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡು ಅಗ್ಗ, ನಿಜ. ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಮತ್ತೆ ಇಳಿಯುವುದಿಲ್ಲ.

ಒಂದೇ ಹಾಳ್ಯಾಗ ಕಪಾಟು ಆಗ್ತೈತೇನು? ಕೊಯ್ಯೂದು ಹೆಂಗ?

ಆಗುತ್ತದೆ, ಹೆಚ್ಚೇನೂ ಹಾಳಾಗದ ಹಾಗೆ. 18 ಮಿ.ಮೀ. ದಪ್ಪದ, ಎಂಟು ಬೈ ನಾಲ್ಕರ ಒಂದು ಹಾಳೆ ತೆಗೆದುಕೊಳ್ಳಿ. ಅದನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿಸಿ. ಪ್ರತಿ ಕೊಯ್ತಕ್ಕೆ ಗರಗಸದ ಅಲಗು 3 ಮಿ.ಮೀ. ತಿನ್ನುತ್ತದೆ. ಹಾಗಾಗಿ ಪಟ್ಟಿ ಪೂರ್ತಿ ಒಂದಡಿ ಬರುವುದಿಲ್ಲ, 302 ಮಿ.ಮೀ. ಅಂತ ಹಿಡಿಯಿರಿ. ನಾಲ್ಕೂ ಒಂದೇ ಅಳತೆ ಇದ್ದರೆ ಸಾಕು.

ಎರಡು ಪಟ್ಟಿಗಳಿಂದ ಆರಡಿಯ ಎರಡು ಬದಿಹಲಗೆ. ಉಳಿದೆರಡು ಪಟ್ಟಿಗಳಲ್ಲಿ ಪ್ರತಿಯೊಂದರಿಂದ 30 ಇಂಚಿನ ಮೂರು ಅಡ್ಡಹಲಗೆ. ಒಟ್ಟು ಆರು. ಬದಿಹಲಗೆಯಿಂದ ಮಿಕ್ಕ ಎರಡಡಿ ತುಂಡುಗಳನ್ನು ಎಸೆಯಬೇಡಿ, ಬಾಗಿಲ ಹಿಂದಿನ ಸಣ್ಣ ರ‍್ಯಾಕಿಗೆ ಬರುತ್ತವೆ. ಕಪಾಟಿನ ಹೊರ ಅಗಲ ಮೂವತ್ತೊಂದೂವರೆ ಇಂಚು ಆಗುತ್ತದೆ. ಜಾಗ ನೋಡುವಾಗ ಈ ಒಂದೂವರೆ ಇಂಚು ಮರೆತರೆ ಸಂದಿಗೆ ಕೂಡುವುದಿಲ್ಲ.

ತಳದ ಹಲಗೆ ನೆಲದಿಂದ 4 ಇಂಚು ಮೇಲಿರಲಿ. ಕಸಬರಿಗೆ ಹೋಗಬೇಕು, ನಲ್ಲಿ ನೀರು ಬಂದ ದಿನ ಕೊಡ ತುಂಬುವಾಗ ನೆಲ ಒದ್ದೆಯಾದರೂ ಹಲಗೆಗೆ ತಾಗಬಾರದು. ಅದರ ಮೇಲೆ, ಕೆಳಗಿನಿಂದ ಶುರುಮಾಡಿ, 20, 14, 11, 10, ಎಂಟೂವರೆ ಇಂಚಿನ ಖಾನೆಗಳು. ಹಲಗೆಗಳ ದಪ್ಪ ಸೇರಿ ಹತ್ತಿರ ಹತ್ತಿರ 72 ಇಂಚಿಗೆ ಬಂತು. 20ರ ಖಾನೆಗೆ ಜೋಳ ಮತ್ತು ಗೋಧಿಯ ಡಬ್ಬಿ, 14ಕ್ಕೆ ರೊಟ್ಟಿ ಬುಟ್ಟಿ ಮತ್ತು ಎಣ್ಣೆ ಡಬ್ಬ, 11ಕ್ಕೆ ಅಕ್ಕಿ-ಬೇಳೆ, 10ಕ್ಕೆ ದಿನದ ಡಬ್ಬಿಗಳು, ಎಂಟೂವರೆಗೆ ಮಸಾಲೆ. ಇದು ಒಂದು ದಾರಿ ಅಷ್ಟೇ. ನಿಮ್ಮ ಚೀಟಿ ಬೇರೆ ಹೇಳಿದರೆ ಚೀಟಿಯ ಮಾತು ಕೇಳಿ.

ಉದ್ದದ ಕೊಯ್ತವನ್ನು ಮನೆಯಲ್ಲಿ ಕೈಗರಗಸದಿಂದ ಮಾಡಲು ಹೋಗಬೇಡಿ. ಕೊಯ್ಯುವ ಯಂತ್ರ ಇಟ್ಟುಕೊಂಡ ಅಂಗಡಿಗಳಿವೆ, ಚೀಟಿ ಕೊಟ್ಟರೆ ಕೊಯ್ದು ಕೊಡುತ್ತಾರೆ. ತುಂಡುಗಳು ಆಟೋದಲ್ಲೂ ಬರುತ್ತವೆ, ಇಡೀ ಹಾಳೆ ಬರುವುದಿಲ್ಲ.

ಜೋಡಸೂದು ಹೆಂಗ? ನನಗ ಮರಗೆಲಸ ಬರೂದಿಲ್ಲ.

ಹಲಗೆಯಲ್ಲಿ ಕಚ್ಚು ತೋಡುವ ಕುಶಲತೆ ಬೇಡದ ದಾರಿ ಇದೆ. ಒಂದಿಂಚಿನ ಚೌಕ ಮರಪಟ್ಟಿಗಳನ್ನು 11 ಇಂಚು ಉದ್ದಕ್ಕೆ ಹನ್ನೆರಡು ತುಂಡು ಮಾಡಿ. ಬದಿಹಲಗೆಗಳೆರಡನ್ನೂ ನೆಲದ ಮೇಲೆ ಜೋಡಿಯಾಗಿ ಮಲಗಿಸಿ, ಎರಡಕ್ಕೂ ಒಟ್ಟಿಗೇ ಗೆರೆ ಎಳೆಯಿರಿ. ಬೇರೆ ಬೇರೆ ಅಳೆದರೆ ಹಲಗೆ ಒಂದು ಕಡೆ ವಾಲುತ್ತದೆ. ಗೆರೆಯ ಕೆಳಗೆ ಪಟ್ಟಿಯನ್ನು ಫೆವಿಕಾಲ್ ಹಚ್ಚಿ ಮೂರು ಸ್ಕ್ರೂ ಬಿಗಿಯಿರಿ. ಸ್ಕ್ರೂ 35 ಮಿ.ಮೀ. ಇರಲಿ, 50ರದ್ದು ಹಾಕಿದರೆ ಮೊನೆ ಆಚೆ ಬದಿಗೆ ಹೊರಟು ಯಾರದೋ ಕೈ ಗೀರುತ್ತದೆ. ಪ್ರತಿ ಸ್ಕ್ರೂಗೂ ಮೊದಲು 3 ಮಿ.ಮೀ. ಬಿಟ್‌ನಿಂದ ತೂತು ಮಾಡಿ. ಮಾಡದಿದ್ದರೆ ಪಟ್ಟಿ ಸೀಳುತ್ತದೆ.

ಆಮೇಲೆ ಅಡ್ಡಹಲಗೆಗಳನ್ನು ಪಟ್ಟಿಗಳ ಮೇಲೆ ಕೂಡಿಸಿ, ಹೊರಗಿನಿಂದ ಎರಡಿಂಚಿನ ಸ್ಕ್ರೂ. ಚೌಕಟ್ಟು ಮೂಲೆಮಟ್ಟಕ್ಕೆ ಬಂದಿದೆಯೇ ಅಂತ ತಿಳಿಯಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ, ಎರಡೂ ಅಳತೆ ಒಂದೇ ಬರಬೇಕು. ಬಂದ ಮೇಲೆ ಹಿಂಬದಿಗೆ 6 ಮಿ.ಮೀ. ಪ್ಲೈ ಹೊಡೆಯಿರಿ. ಕಪಾಟು ಅತ್ತಿತ್ತ ಅಲುಗದೆ ನಿಲ್ಲುವುದು ಈ ಬೆನ್ನುಹಲಗೆಯಿಂದ, ಅದು ಅಲಂಕಾರಕ್ಕಲ್ಲ.

ಬೇಕಾಗುವುದು ಡ್ರಿಲ್ಲು, ಟೇಪು, ಮೂಲೆಮಟ್ಟ, ಸ್ಕ್ರೂಡ್ರೈವರು, ಪಾಲಿಶ್ ಪೇಪರ್, ಒಂದು ಸಣ್ಣ ಗರಗಸ. ಡ್ರಿಲ್ಲನ್ನು ಕೊಳ್ಳುವ ಬದಲು ಅಕ್ಕಪಕ್ಕದವರನ್ನು ಕೇಳಿ, ಓಣಿಗೊಂದು ಇದ್ದೇ ಇರುತ್ತದೆ.

ಫಳಿ ನಡಕ ಬಾಗ್ತಾವು. ಯಾಕ?

ಅಗಲ ಹೆಚ್ಚಾಗಿದೆ. ಅದೇ ಭಾರವನ್ನು ಅದೇ ದಪ್ಪದ, ಎರಡು ಪಟ್ಟು ಅಗಲದ ಹಲಗೆಯ ಮೇಲೆ ಹರಡಿದರೆ ಬಾಗು ಎರಡು ಪಟ್ಟಲ್ಲ, ಎಂಟು ಪಟ್ಟು ಆಗುತ್ತದೆ. ದಪ್ಪ ಎರಡು ಪಟ್ಟಾದರೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. 18 ಮಿ.ಮೀ. ಪ್ಲೈಗೆ 30 ಇಂಚು ಅಂತ ಹೇಳಿದ್ದು ಈ ಕಾರಣಕ್ಕೆ. ಈಗಾಗಲೇ ಬಾಗಿದ್ದರೆ ಹಲಗೆಯ ಮುಂದಿನ ಅಂಚಿಗೆ ಕೆಳಗಿನಿಂದ ಒಂದೂವರೆ ಇಂಚಿನ ಮರಪಟ್ಟಿಯನ್ನು ನಿಲ್ಲಿಸಿ ಬಿಗಿಯಿರಿ. ಹಲಗೆಯನ್ನು ತಿರುವಿ ಹಾಕುವುದು ಆರು ತಿಂಗಳ ಉಪಾಯ.

ಗ್ವಾಡಿಗೆ ಬಿಗಿಯೂದು ಬೇಕೇ ಬೇಕೇನು?

ಬೇಕು. ಆರಡಿ ಎತ್ತರ, ಒಂದಡಿ ಆಳದ ಕಪಾಟನ್ನು ಮಗುವೊಂದು ಹತ್ತಿದರೆ ಮುಂದಕ್ಕೆ ಬೀಳುತ್ತದೆ. ಮೇಲುಗಡೆ ಎರಡು ಎಲ್ ಕ್ಲಾಂಪು ಹಾಕಿ ಗೋಡೆಗೆ ಹಿಡಿಸಿ.

ಇಟ್ಟಿಗೆ ಗೋಡೆಯಾದರೆ 8 ಮಿ.ಮೀ. ತೂತು, 8ರ ರಾಲ್ ಪ್ಲಗ್ಗು (ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ಪ್ಲಾಸ್ಟಿಕ್ ಕೊಳವೆ), ಎರಡಿಂಚಿನ ಸ್ಕ್ರೂ. ಗಿಲಾವಿನಲ್ಲಷ್ಟೇ ಕೂತ ಪ್ಲಗ್ಗು ಕಿತ್ತು ಬರುತ್ತದೆ, ಇಟ್ಟಿಗೆ ಮುಟ್ಟುವಷ್ಟು ಆಳ ಕೊರೆಯಿರಿ. ಬಿಟ್‌ನಿಂದ ಕೆಂಪು ಪುಡಿ ಬಂತೆಂದರೆ ಇಟ್ಟಿಗೆ ಸಿಕ್ಕಿತು. ಪೊಳ್ಳು ಬ್ಲಾಕಿನ ಗೋಡೆಯಲ್ಲಿ ಬಿಟ್ಟು ಇದ್ದಕ್ಕಿದ್ದಂತೆ ಒಳಗೆ ಜಾರುತ್ತದೆ. ಅಂಥಲ್ಲಿ ಒಂದೆರಡು ಇಂಚು ಪಕ್ಕಕ್ಕೆ ಸರಿದು ಗಟ್ಟಿ ಭಾಗ ಹುಡುಕಿ. ಧಾರವಾಡದ ಹಳೆಯ ಹೆಂಚಿನ ಮನೆಗಳ ಮಣ್ಣಿನ ಗೋಡೆಗೆ ಪ್ಲಗ್ಗು ಹಿಡಿಯುವುದೇ ಇಲ್ಲ, ಮೇಲಿನ ಮರದ ತೊಲೆಗೋ ಬಾಗಿಲ ಚೌಕಟ್ಟಿಗೋ ಪಟ್ಟಿ ಎಳೆದು ಕಟ್ಟಬೇಕು.

ಕೊರೆಯುವ ಮುನ್ನ ಮೇನ್ ಸ್ವಿಚ್ಚಿನ ಹತ್ತಿರದ ಎಂಸಿಬಿ ಇಳಿಸಿ, ಬ್ಯಾಟರಿಯ ಡ್ರಿಲ್ಲು ಬಳಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನಲ್ಲಿಯ ಸಾಲಿನಲ್ಲಿ ಕೊರೆಯಬೇಡಿ, ವೈರು ಮತ್ತು ಪೈಪು ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರುತ್ತವೆ.

ಮಳಿಗಾಲದಾಗ ಗ್ವಾಡಿ ಹಸಿ ಹಿಡೀತದ. ಏನ್ ಮಾಡೂದು?

ಧಾರವಾಡದವರ ದೊಡ್ಡ ತಲೆನೋವು ಇದು, ಗದಗಿನವರಿಗೆ ಅಷ್ಟಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಳಿ ಪಡುವಣದಿಂದ ಬೀಸುತ್ತದೆ, ಜಿಟಿಜಿಟಿ ಮಳೆ ದಿನಗಟ್ಟಲೆ ಪಶ್ಚಿಮದ ಹೊರಗೋಡೆಗೆ ಬಡಿಯುತ್ತದೆ. ಸಾಧ್ಯವಾದರೆ ಆ ಗೋಡೆ ಬಿಟ್ಟು ಒಳಗೋಡೆ ಆರಿಸಿ.

ಅನುಮಾನ ಇದ್ದರೆ ಒಂದು ಪರೀಕ್ಷೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಗೆ, ಅಂದರೆ ಗೋಡೆಯ ಕಡೆ, ಹನಿ ಕೂತರೆ ತೇವ ಗೋಡೆಯಿಂದ ಬರುತ್ತಿದೆ. ಹೊರಬದಿಗೆ ಕೂತರೆ ಅದು ಅಡಿಗೆಯ ಹಬೆ. ಮೊದಲನೆಯದಕ್ಕೆ ಹೊರಗಿನಿಂದ ಗೋಡೆಯ ಬಿರುಕು ಮುಚ್ಚಿಸಬೇಕು, ಒಳಗೆ ಬಣ್ಣ ಬಳಿದರೆ ಬುರುಗು ಎದ್ದು ಬೀಳುತ್ತದೆ. ಎರಡನೆಯದಕ್ಕೆ ಒಂದು ಎಕ್ಸಾಸ್ಟ್ ಫ್ಯಾನು ಸಾಕು.

ಯಾವ ಗೋಡೆಯಾದರೂ ಕಪಾಟಿನ ಬೆನ್ನಿಗೂ ಗೋಡೆಗೂ ಒಂದಿಂಚು ಸಂದಿ ಇರಲಿ, ಗಾಳಿ ಆಡಲಿ. ಹುಬ್ಬಳ್ಳಿಯ ಎರೆಮಣ್ಣಿನ ಬಡಾವಣೆಗಳಲ್ಲಿ ಇನ್ನೊಂದು ಕಾರಣಕ್ಕೂ ಈ ಸಂದಿ ಬೇಕು. ಎರೆನೆಲ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನೆಲಹಾಸು ಎದ್ದು ಕಪಾಟು ವಾಲಿದರೆ ಕಾಲಿನಡಿ ತೆಳು ಚಕ್ಕೆ ಕೊಟ್ಟು ಮಟ್ಟ ಮಾಡಿಕೊಳ್ಳಬೇಕಾಗುತ್ತದೆ.

ರೊಟ್ಟಿ ಬುಟ್ಟಿಗೆ ಯಾವ ಜಾಗಾ?

ನಮ್ಮ ಕಡೆಯ ಕಪಾಟಿನ ಆಳವನ್ನು ನಿರ್ಧರಿಸಬೇಕಾದದ್ದೇ ಈ ಬುಟ್ಟಿ. ಖಡಕ್ ರೊಟ್ಟಿಯ ಥಪ್ಪಿ ಅಂಚು ಮುರಿಯದೆ ಕೂಡಬೇಕು. ನಿಮ್ಮ ಬುಟ್ಟಿ 12 ಇಂಚಿಗಿಂತ ಅಗಲ ಇದ್ದರೆ ಆ ಒಂದು ಖಾನೆಯ ಹಲಗೆಯನ್ನು ಎರಡಿಂಚು ಮುಂದಕ್ಕೆ ಚಾಚಿಸಿ. ಅದಕ್ಕಾಗಿ ಇಡೀ ಕಪಾಟನ್ನೇ ಆಳ ಮಾಡಿದರೆ ಉಳಿದ ಖಾನೆಗಳಲ್ಲಿ ಹಿಂದಿನ ಸಾಲಿನ ಡಬ್ಬಿಗಳು ಕಣ್ಮರೆಯಾಗಿ, ಇದ್ದ ಸಾಸಿವೆಯನ್ನೇ ಮತ್ತೆ ತರುತ್ತೀರಿ.

ಎತ್ತರ ಸೊಂಟದ ಆಸುಪಾಸಿನಲ್ಲಿ ಇರಲಿ. ಸಿಂಕಿನಿಂದ, ಅನ್ನದ ಹಬೆಯಿಂದ ದೂರ. ರೊಟ್ಟಿ ಮೆತ್ತಗಾದರೆ ಅದರ ಕಥೆ ಮುಗಿಯಿತು. ಬುಟ್ಟಿಯ ತಳಕ್ಕೆ ತೆಳು ಬಟ್ಟೆ ಹಾಸಿ, ಸುದ್ದಿಪತ್ರಿಕೆ ಬೇಡ, ಶಾಯಿ ತಿನ್ನುವ ಪದಾರ್ಥಕ್ಕೆ ಹತ್ತುತ್ತದೆ.

ಖಾರಾ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲ ಒಂದ ಕಡೆ ಇಟ್ರ ನಡೀತದ?

ಬೇಡ. ಖಾರಕ್ಕೆ ಕತ್ತಲು ಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಬಣ್ಣದಿಂದ. ಬೆಳಕು, ಸೆಖೆ ತಗುಲಿದರೆ ಆ ಬಣ್ಣ ಇಳಿಯುತ್ತದೆ, ಬ್ಯಾಡಗಿಯ ವ್ಯಾಪಾರಸ್ಥರು ಚೀಲಗಳನ್ನು ಶೈತ್ಯಾಗಾರಕ್ಕೆ ಸೇರಿಸುವುದು ಇದಕ್ಕೇ. ಮನೆಯಲ್ಲಿ ವರ್ಷದ ಖಾರವನ್ನು ಸ್ಟೀಲ್ ಡಬ್ಬಿಯಲ್ಲಿ ಮೇಲಿನ ಖಾನೆಗೆ ಹಾಕಿ, ಎದುರಿಗೆ ಇಡುವ ಗಾಜಿನ ಭರಣಿಗೆ ಹದಿನೈದು ದಿನದ್ದಷ್ಟೇ ತೆಗೆಯಿರಿ.

ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳಲ್ಲಿ ಎಣ್ಣೆಯಂಶ ಹೆಚ್ಚು. ಒಲೆಯ ಮೇಲಿನ ಖಾನೆಯಲ್ಲಿಟ್ಟರೆ ಬೇಗ ಕಮಟು ವಾಸನೆ ಹೊಡೆಯುತ್ತವೆ. ಹಸಿಯಲ್ಲಿ ಇಟ್ಟ ಶೇಂಗಾಕ್ಕೆ ಬೂಷ್ಟು ಬಂದರೆ ಆರಿಸಿ ಬಳಸುವ ಆಸೆ ಬೇಡ, ಆ ಬೂಷ್ಟಿನಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಉಪ್ಪಿನಕಾಯಿ ಬರಣಿಯನ್ನು ಎದೆಮಟ್ಟಕ್ಕಿಂತ ಕೆಳಗೆ, ಒಂದು ತಾಟಿನಲ್ಲಿ ಕೂಡಿಸಿ. ಸೋರಿದ ಉಪ್ಪುನೀರು ತಾಟಿನಲ್ಲೇ ನಿಲ್ಲುತ್ತದೆ.

ಸಿಲಿಂಡರ್ ಪ್ಯಾಂಟ್ರಿ ಒಳಗ ಮುಚ್ಚಿಡಬಹುದೇನು? ಹೊರಗ ಕಂಡ್ರ ಅಸಹ್ಯ ಅನಸ್ತದ.

ಇಡಬೇಡಿ. ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದೆ ನೆಲದ ಮೇಲೆ ಹರಡಿ ತಳದ ಖಾನೆಗಳಲ್ಲಿ ಶೇಖರವಾಗುತ್ತದೆ. ಬಾಗಿಲಿರುವ ಕಪಾಟಿನಲ್ಲಿ ಅದು ತಿಳಿಯುವುದೇ ಇಲ್ಲ. 14.2 ಕಿಲೋದ ಸಿಲಿಂಡರು ನೆಟ್ಟಗೆ ನಿಂತು, ಗಾಳಿಯಾಡುವಲ್ಲಿ, ಒಲೆಗಿಂತ ಕೆಳಮಟ್ಟದಲ್ಲಿ ಇರಬೇಕು. ಕಟ್ಟೆಯ ಕೆಳಗೆ ಬಾಗಿಲು ಹಚ್ಚಲೇಬೇಕೆಂದರೆ ನೆಲಮಟ್ಟದಲ್ಲಿ ಜಾಳಿಗೆ ಬಿಡಿ, ಒಳಗೆ ಸ್ವಿಚ್ಚು ಬೇಡ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು-ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಕಪಾಟಿಗೆ ಬಾಗಲಾ ಹಚ್ಚಬೇಕೋ ಬ್ಯಾಡೋ?

ನನ್ನನ್ನು ಕೇಳಿದರೆ ಬೇಡ. ಬಾಗಿಲು ಕೆಲಸವನ್ನು ಎರಡು ಪಟ್ಟು ಮಾಡುತ್ತದೆ, ತೆರೆದಾಗ ದಾರಿ ಕಟ್ಟುತ್ತದೆ, ಒಳಗೆ ಗಾಳಿ ಸತ್ತು ಮುಗ್ಗಲು ಹಿಡಿಯುತ್ತದೆ. ದೂಳಿನ ಚಿಂತೆ ಇದ್ದರೆ ತೆಳು ಪರದೆ. ಬೆಕ್ಕು-ಇಲಿಯ ಕಾಟ ಇದ್ದರೆ ಹಿಂದಿನವರು ಹಾಲು-ಬೆಣ್ಣೆಗೆ ಇಟ್ಟುಕೊಂಡಿದ್ದ ಜಾಳಿಗಿ ಕಪಾಟಿನ ಉಪಾಯವೇ ಒಳ್ಳೆಯದು: ಮರದ ಚೌಕಟ್ಟಿಗೆ ಸ್ಟೀಲ್ ಜಾಳಿಗೆ ಹೊಡೆದ ಬಾಗಿಲು. ಪ್ಲಾಸ್ಟಿಕ್ ಸೊಳ್ಳೆ ಜಾಳಿಗೆಯನ್ನು ಇಲಿ ಕಡಿದು ಹಾಕುತ್ತದೆ.

ನುಸಿ, ಹುಳ ಆಗಬಾರದಂದ್ರ ಗುಳಿಗಿ ಹಾಕಬಹುದೇನ್ರಿ?

ಕಾಳಿಗೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಕೇಳುತ್ತಿದ್ದರೆ, ಮನೆಯೊಳಗೆ ಎಂದೂ ಬೇಡ. ಗಾಳಿಯ ತೇವ ತಗುಲಿದರೆ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಮಲಗಿದವರು ಏಳದೆ ಹೋಗಬಹುದು. ಅದು ಗೋದಾಮಿಗೆ, ತರಬೇತಿ ಇದ್ದವರ ಕೈಗೆ ಬಿಟ್ಟದ್ದು.

ಮನೆಗೆ ಬಿಸಿಲೇ ಮದ್ದು. ಕಾಳು ಹಲ್ಲಿನಲ್ಲಿ ಕಡಿದರೆ ಕಟ್ ಅನ್ನುವಷ್ಟು ಒಣಗಬೇಕು, ಪೂರ್ತಿ ಆರಿದ ಮೇಲೆ ತುಂಬಬೇಕು. ಬಿಸಿಯಿದ್ದಾಗಲೇ ಮುಚ್ಚಿದರೆ ಒಳಗೆ ಬೆವರಿ ಹುಳಕ್ಕೆ ಹಬ್ಬ. ಡಬ್ಬಿಯನ್ನು ಬಾಯಿತನಕ ತುಂಬಿ, ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಹುಳ ಕಡಿಮೆ. ಒಣಗಿದ ಬೇವಿನ ಎಲೆ ಹಾಕುವುದು ರೂಢಿ, ಹಾಕಿ, ಹಸಿ ಎಲೆ ಮಾತ್ರ ಹಾಕಬೇಡಿ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯದೆ ಡಬ್ಬಿ ಖಾಲಿ ಮಾಡಿ, ಒರೆಸಿ, ಆಮೇಲೆ ತುಂಬಿ.

ಗೆದ್ದಲಾ?

ಗೋಡೆಯ ಬುಡದಲ್ಲಿ ಮಣ್ಣಿನ ಗೆರೆ ಏರುತ್ತಿದ್ದರೆ ಮೊದಲು ಅದಕ್ಕೆ ಮದ್ದು ಹೊಡೆಸಿ, ಆಮೇಲೆ ಮರ ತನ್ನಿ. ಕಪಾಟಿನ ಕಾಲು ಮರವಾಗಿ ನೆಲ ಮುಟ್ಟದಿರಲಿ, ಅಡಿಯಲ್ಲಿ ಕಡಪಾದ ತುಂಡು ಇಡಿ. ಪದೇ ಪದೇ ಬರುವ ಮನೆಯಾದರೆ ಪ್ಲೈ ಆಸೆ ಬಿಟ್ಟು ಕಬ್ಬಿಣದ ರ‍್ಯಾಕು ತನ್ನಿ.

ಬಾಡಿಗಿ ಮನಿ ಐತ್ರಿ. ಮಾಲಕರು ಮೊಳಿ ಹೊಡಿಯಾಕ ಬಿಡೂದಿಲ್ಲ.

ಆಂಗಲ್ ರ‍್ಯಾಕನ್ನು ನಾಲ್ಕಡಿಗಿಂತ ಎತ್ತರ ಮಾಡಬೇಡಿ, ಭಾರವೆಲ್ಲ ತಳಕ್ಕೆ ಹಾಕಿ, ಮೂಲೆಗೆ ಆನಿಸಿ. ಗೋಡೆ ಮುಟ್ಟದೆಯೇ ನಿಲ್ಲುತ್ತದೆ.

ಹಳೇ ಮನ್ಯಾಗ ಗ್ವಾಡ್ಯಾಗ ಮಾಡ ಅದಾವು. ಮುಚ್ಚಿಸಿ ಕಪಾಟು ಮಾಡಲೇನು?

ಮುಚ್ಚಿಸಬೇಡಿ ಮಾರಾಯರೆ. ಒಂದೂವರೆ ಅಡಿ ದಪ್ಪದ ಗೋಡೆಯೊಳಗಿನ ಮಾಡ ಅಂದರೆ ನೆಲದ ಒಂದಿಂಚೂ ತಿನ್ನದ ಪ್ಯಾಂಟ್ರಿ. ಒಳಗೆ ಸುಣ್ಣ ಬಳಿದು, ನಡುವೆ ಒಂದು ಹಲಗೆ ಕೂಡಿಸಿ. ಹೊಸದಾಗಿ ಮಾಡ ಕೊರೆಯಲು ಮಾತ್ರ ಹೋಗಬೇಡಿ, ಗೋಡೆಯ ಮೇಲಿನ ಭಾರ ಎಲ್ಲಿ ಇಳಿಯುತ್ತಿದೆ ಅಂತ ತಿಳಿದವರೇ ಹೇಳಬೇಕು.

ವಾಸ್ತು ಪ್ರಕಾರ ಯಾವ ಮೂಲಿ?

ಆರು ಬೈ ಎಂಟರಲ್ಲಿ ಒಲೆ, ಸಿಂಕು, ಬಾಗಿಲು ಬಿಟ್ಟರೆ ಉಳಿಯುವುದು ಒಂದೇ ಮೂಲೆ. ಅದೇ.

ಬಣ್ಣಾ ಹಚ್ಚಿದ ಮ್ಯಾಲ ಯಾವಾಗ ಸಾಮಾನು ತುಂಬಬಹುದು?

ಮೂಗು ಒಳಗೆ ಹಾಕಿ ನೋಡಿ. ವಾಸನೆ ಬರುವತನಕ ತುಂಬಬೇಡಿ, ಹಿಟ್ಟು ಮತ್ತು ಎಣ್ಣೆಯಂಶದ ಪದಾರ್ಥಗಳು ಅದನ್ನು ಹೀರಿಕೊಳ್ಳುತ್ತವೆ. ಆಯಿಲ್ ಪೇಂಟಾದರೆ ವಾರಕ್ಕಿಂತ ಹೆಚ್ಚೇ ಹಿಡಿಯಬಹುದು, ಮಳೆಗಾಲದಲ್ಲಿ ಇನ್ನೂ ತಡ. ಮೈಕಾ ಅಂಟಿಸುವುದಾದರೆ ಜೋಡಿಸುವ ಮೊದಲೇ, ಹಲಗೆಗಳು ಬಿಡಿಯಾಗಿದ್ದಾಗ ಅಂಟಿಸಿ. ಕೊಯ್ದ ಅಂಚುಗಳನ್ನು ಬರಿದೆ ಬಿಡಬೇಡಿ, ನೀರು ಒಳಗೆ ಹೋಗುವುದೇ ಅಲ್ಲಿಂದ. ತಳದ ಅಂಚಿಗೆ ಎರಡು ಕೈ ಹೆಚ್ಚು ವಾರ್ನಿಶ್ ಕೊಡಿ, ಕಪಾಟು ನಿಲ್ಲಿಸಿದ ಮೇಲೆ ಅಲ್ಲಿಗೆ ಬ್ರಶ್ ಹೋಗುವುದಿಲ್ಲ.